ಮೂರನೆಯ ಖಾನೆ

"ಲೇ ಇತರೆ, ಇಲ್ಲಿ ದಸ್ತಖತ್ ಹಾಕು. ಓದ್ಕೋಂತ ಕುಂದ್ರಬ್ಯಾಡ, ನಿನಗೇನು ತಹಸೀಲ್ದಾರ್ ಪರೀಕ್ಷಾ ಅದ ಏನು?"

ನೀಲಕಂಠ ಕಾಗದದ ಕೆಳತುದಿಯಲ್ಲಿ ಬೆರಳು ಒತ್ತಿ ಹಿಡಿದಿದ್ದ. ಉಗುರಿನ ಸಂದಿಯಲ್ಲಿ ಗುಟಕಾದ ಕೆಂಪು. ಆಸ್ಪತ್ರೆಗೆ ಆಳು ಒದಗಿಸುವ ಗುತ್ತಿಗೆದಾರನ ಸೂಪರ್‌ವೈಜರ್ ಅವನು. ಕಸ ಹೊಡೆಯುವವರು, ಟ್ರಾಲಿ ತಳ್ಳುವವರು, ಚೀಟಿ ಬರೆಯುವವರು, ಎಲ್ಲರ ಹಾಜರಿಯೂ ಅವನ ಕೈಯಲ್ಲಿ. ನನಗೊಂದು ಹೆಸರಿದೆ, ಸಂಘಮಿತ್ರಾ. ಕೊರಳಲ್ಲಿ ನೇತಾಡುವ ಗುರುತಿನ ಕಾರ್ಡಿನಲ್ಲೂ ಅದೇ ಇದೆ. ಆದರೆ ನಾನು ಕೆಲಸಕ್ಕೆ ಸೇರಿದ ದಿನ ಅರ್ಜಿಯಲ್ಲಿ ಲಿಂಗ ಎಂಬಲ್ಲಿ ಬರೆದಿದ್ದ ಪದ ಅವನಿಗೆ ಹಿಡಿಸಿಬಿಟ್ಟಿತು. ಅಂದಿನಿಂದ ನಾನು ಇತರೆ.

ಮೇಜಿನ ಆಚೆ ಆಡಳಿತಾಧಿಕಾರಿ ಅಮರನಾಥ ಸಾಹೇಬರು ಚಹಾ ಆರಿಸುತ್ತಿದ್ದರು.

"ಓದಲಿ ಬಿಡು ನೀಲಕಂಠ. ಓದಿದಾಕಿ ಅದಾಳ. ಪಿಯುಸಿ ಪಾಸ್. ಹೌದಿಲ್ಲೋ?"

ನಾನು ಓದಿದೆ. 'ದಿನಾಂಕ ಹದಿನಾಲ್ಕರಂದು ರಮಾಬಾಯಿ ಎಂಬ ವ್ಯಕ್ತಿಯು ಆಸ್ಪತ್ರೆಗೆ ಕರೆತರುವಾಗಲೇ ಮೃತಪಟ್ಟಿದ್ದು, ಸದರಿ ಸಂಗತಿಯನ್ನು ಅರಿಯದೆ ನಾನು ಚೀಟಿ ಬರೆದಿರುತ್ತೇನೆ. ಇದು ನನ್ನ ಸ್ವಂತ ತಪ್ಪಾಗಿರುತ್ತದೆ.' ಕೆಳಗೆ ನನ್ನ ಹೆಸರು ಟೈಪಾಗಿತ್ತು.

"ಹೆಣಕ್ಕ ಚೀಟಿ ಬರ್ದೀನಿ ಅಂತ ಬರಸ್ಕೊಳ್ಳಾಕತ್ತೀರೇನ್ರೀ ಸಾಹೇಬ್ರ?"

"ನೋಡವ್ವಾ." ಅವರು ಕಪ್ಪು ಕೆಳಗಿಟ್ಟರು. "ನಿಮ್ಮ ಮಂದಿನೇ ಡಿಸಿ ಆಫೀಸಿಗಿ ಹೋಗಿ ಚಪ್ಪಾಳಿ ಹೊಡದು ಅರ್ಜಿ ಕೊಟ್ಟಾರ. ಸೋಮವಾರ ವಿಚಾರಣಿಗಿ ಬರ್ತಾರ. ಸತ್ತಾಕಿ ತಮ್ಮ ಸೈತ ಬರ್ದು ಕೊಟ್ಟಾನ. ನಿಂದೊಂದೇ ಬಾಕಿ. ಈ ಊರಾಗ ನಿಮ್ಮಂಥವರಿಗಿ ಯಾರು ನೌಕ್ರಿ ಕೊಡ್ತಾರ ಹೇಳು? ನಾವು ಕೊಟ್ಟೀವಿ. ಪೇಪರ್‌ನ್ಯಾಗ ಫೋಟೋ ಹಾಕ್ಸೀವಿ."

"ಬ್ಯಾಡಂದ್ರ ನೆಹರು ಗಂಜ್ ಎಲ್ಲಿಗಿ ಹೋಗ್ಯದ?" ನೀಲಕಂಠ ಎರಡು ಅಂಗೈ ತಟ್ಟಿ ತೋರಿಸಿದ. "ದಾಲ್ ಅಂಗಡಿ ಮುಂದ ನಿಂತು ಬಡಕೋ. ಸೂಳೆಮಕ್ಳು, ಕುರ್ಚಿ ಕೊಟ್ರ ಮೈಮ್ಯಾಲೇ ಬರ್ತಾವ."

ಸೋಮವಾರ ಬೆಳಗ್ಗೆಯವರೆಗೆ ಸಮಯ ಕೊಟ್ಟರು. ನಾನು ಕಾಗದ ಮಡಚಿ ಸಮವಸ್ತ್ರದ ಜೇಬಿನಲ್ಲಿಟ್ಟುಕೊಂಡು, ನಾನು ರೋಗಿಗಳ ಚೀಟಿ ಬರೆಯುವ ಕೌಂಟರಿಗೆ ಮರಳಿದೆ.

ಮೊದಲು ಆ ಚೀಟಿಯಲ್ಲಿ ಲಿಂಗ ಎಂಬಲ್ಲಿ ಎರಡೇ ಖಾನೆಗಳಿದ್ದವು. ಗಂ, ಹೆ. ಮೂರನೆಯದು ಬೇಕೆಂದು ಮೂರು ವರ್ಷದ ಹಿಂದೆ ಮೇ ತಿಂಗಳ ಬಿಸಿಲಿನಲ್ಲಿ ಇಪ್ಪತ್ತಮೂರು ಮಂದಿ ಆಸ್ಪತ್ರೆಯ ಗೇಟಿನೆದುರು ಒಂಬತ್ತು ದಿನ ಕೂತೆವು. ಕೂರಿಸಿದವಳು ರಮಾಬಾಯಿ. ಕಮಲಾಪುರದವಳು. ಹದಿನೆಂಟನೆಯ ವಯಸ್ಸಿಗೆ ಸೀರೆ ಉಟ್ಟು ಮನೆ ಬಿಟ್ಟು ಬಂದು, ಗಂಜಿನ ಹಿಂದೆ ಒಂದು ಖೋಲಿಯಲ್ಲಿ ಮೂವತ್ತು ವರ್ಷ ಬದುಕಿದವಳು. ಬಸ್ ನಿಲ್ದಾಣದಲ್ಲಿ ನಾಲ್ಕು ದಿನದಿಂದ ಮಲಗಿದ್ದ ನನ್ನನ್ನು ಎಬ್ಬಿಸಿ, ಜೋಳದ ರೊಟ್ಟಿ ಕೊಟ್ಟು, ಈ ಹೆಸರು ಇಟ್ಟು, ಪಿಯುಸಿ ಕಟ್ಟಿಸಿದವಳೂ ಅವಳೇ.

"ಮನಿ ಕೇಳವಲ್ಲೆವು, ಹೊಲಾ ಕೇಳವಲ್ಲೆವು," ಎಂದು ಅವಳು ಗೇಟಿನ ಪೊಲೀಸನಿಗೆ ಹೇಳುತ್ತಿದ್ದಳು. "ಇಷ್ಟೇ ಇಷ್ಟು ಖಾನಿ ಕೊಡ್ರೋ ಯಪ್ಪಾ. ಒಂದ್ ಟಿಕ್ ಹಿಡಿಸೋವಷ್ಟು."

ಹತ್ತನೆಯ ದಿನ ಒಪ್ಪಿದರು. ಹೊಸ ಚೀಟಿ ಅಚ್ಚಾಗಿ ಬಂದಾಗ ರಮಾಬಾಯಿ ಖಾಲಿಯದೊಂದನ್ನು ಒಯ್ದು ಖೋಲಿಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದಳು. ಖಾನೆ ಸಿಕ್ಕಿತು. ಅದರ ಹಿಂದೆ ಹಾಸಿಗೆ ಇಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಏಕೆಂದರೆ ಜ್ವರಕ್ಕೋ ಕೆಮ್ಮಿಗೋ ಬಂದವರು ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದರು. ಆ ಖಾನೆಯಲ್ಲಿ ಗುರುತು ಹಾಕಿಸಿಕೊಂಡು ಒಳಗೆ ಮಲಗಲು ಬಂದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ಹದಿನಾಲ್ಕನೆಯ ತಾರೀಖು ಹತ್ತು ಗಂಟೆ ಐವತ್ತು ನಿಮಿಷಕ್ಕೆ ರಮಾಬಾಯಿ ಆಟೋದಿಂದ ಇಳಿದಳು. ಮೂರು ದಿನದಿಂದ ಹೊಟ್ಟೆನೋವು, ವಾಂತಿ. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ತಡವಾಗಿ ಯಾಕೆ ಬಂದೆ ಎಂದು ಬೈದೆ.

"ನಿನ್ನ ದವಾಖಾನಿಗಿ ಬರಾಕ ಪೌಡರ್ ಹಚ್ಕೋಬೇಕಲ್ಲೇ," ಎಂದಳು. ತುಟಿ ಬಿಳಿಚಿಕೊಂಡಿತ್ತು. ನಿಜವಾಗಿಯೂ ಪೌಡರ್ ಹಚ್ಚಿಕೊಂಡಿದ್ದಳು.

ಚೀಟಿ ನಾನೇ ಬರೆದೆ. ಹೆಸರು, ವಯಸ್ಸು ನಲವತ್ತೆಂಟು, ಊರು. ಹಿಂದೆಲ್ಲಾ ಅವಳು ಚೀಟಿ ಮಾಡಿಸುವಾಗ ಹೆ ಎಂದೇ ಹೇಳುತ್ತಿದ್ದಳು, ಕೌಂಟರಿನವರು ತಲೆ ಎತ್ತಿ ನೋಡುತ್ತಿರಲಿಲ್ಲ. ಆ ದಿನ ಅವಳು ಏನೂ ಹೇಳಲಿಲ್ಲ, ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಮೂರನೆಯ ಖಾನೆಗೆ ಗುರುತು ಹಾಕಿದೆ. ಹೆಮ್ಮೆಯಿಂದ ಹಾಕಿದೆ. ಚೀಟಿ ಎತ್ತಿ ಅವಳಿಗೆ ತೋರಿಸಿದೆ ಕೂಡ. ಅವಳು ನಕ್ಕಳು.

ಪಕ್ಕದಲ್ಲಿ ಕಂಪ್ಯೂಟರಿಗೆ ಕೂತಿದ್ದ ತಾರಿಖ್ ಅದನ್ನು ನೋಡಿಕೊಂಡು ಒತ್ತಿದ. ತುರ್ತು ವಿಭಾಗದ ಡಾಕ್ಟರು ಒಂದು ಸೂಜಿ ಚುಚ್ಚಿ, ಕೂಡಲೇ ಸರ್ಜಿಕಲ್ ವಾರ್ಡಿಗೆ ದಾಖಲು ಮಾಡಿ ಎಂದು ಬರೆದರು. ಯಾವ ವಾರ್ಡು ಎಂಬುದನ್ನು ಕಂಪ್ಯೂಟರು ಖಾನೆ ನೋಡಿ ತಾನೇ ಅಚ್ಚು ಹಾಕುತ್ತದೆ. ದಾಖಲಾತಿ ಹಾಳೆ ಹೊರಗೆ ಬಂತು. 'ವಾರ್ಡ್' ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ.

ಟ್ರಾಲಿ ನಾನೇ ತಳ್ಳಿದೆ. ಮೊದಲು ಹೆಂಗಸರ ವಾರ್ಡು. ಅಲ್ಲಿನ ಸಿಸ್ಟರ್ ವಿದ್ಯಾವತಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಾಗ ನನ್ನ ವಾರ್ಡ್ ಅಂತ ಎಲ್ಲ್ಯದ? ನನಗೇನೂ ಇಲ್ಲವ್ವಾ, ಒಳಗ ಹೆಣಮಕ್ಳು ಮಲಗ್ಯಾರ. ಅವರ ಮನ್ಯಾನವರು ಜಗಳಕ್ಕ ಬರ್ತಾರ. ಗಂಡಸರ ಕಡಿ ಒಯ್ಯಿ."

ಎದುರಿಗೇ ಗಂಡಸರ ವಾರ್ಡು. ನಡುವೆ ಇಪ್ಪತ್ತು ಹೆಜ್ಜೆಯ ವರಾಂಡ. ಅಲ್ಲಿನ ಬ್ರದರ್ ವಿಶ್ವಾಸ ಬಾಗಿಲಿಗೆ ಕಾಲು ಕೊಟ್ಟು ನಿಂತ.

"ಸೀರಿ ಉಟ್ಟಾಕೀನ ಗಂಡಸರ ನಡುವ ಮಲಗಿಸಿ ಏನರ ಆದ್ರ ನನ್ನ ನೌಕ್ರಿ ಹೋಗ್ತದ. ಹಾಳಿ ಮ್ಯಾಲ ವಾರ್ಡ್ ಬರಸ್ಕೊಂಡು ಬಾ."

"ಸಲಾಯಿನ್ ಆದ್ರೂ ಹಚ್ರಿ ಅಣ್ಣಾ."

"ವಾರ್ಡಿಗಿ ಬಂದ ಮ್ಯಾಲ ಹಚ್ಚತಾರ."

ಹೀಗೆ ಅಲ್ಲಿಂದಿಲ್ಲಿಗೆ ಆರು ಸಲ ತಳ್ಳಿದೆ. ನಡುವೆ ತುರ್ತು ವಿಭಾಗಕ್ಕೂ ಓಡಿ ಕೇಳಿದೆ, ವಾರ್ಡು ಹಾಕುವುದು ಕಂಪ್ಯೂಟರು, ನಾವಲ್ಲ ಎಂದರು. ಗಾಲಿ ಎಳೆಯುವಾಗಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಗಂಡಸರ ವಾರ್ಡಿನ ಕಿಟಕಿಯಲ್ಲಿ ಮುಖಗಳು ತುಂಬಿಕೊಂಡವು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದವನೊಬ್ಬ, "ಇಲ್ಲೇ ನನ್ನ ಬಾಜೂಕ ಹಾಕ್ರಿ, ಜಾಗಾ ಅದ," ಎಂದ. ಎಲ್ಲರೂ ನಕ್ಕರು.

ಹನ್ನೆರಡೂವರೆಗೆ ಒಬ್ಬ ಡಾಕ್ಟರು ಐದಾರು ವಿದ್ಯಾರ್ಥಿಗಳೊಂದಿಗೆ ಆ ದಾರಿಯಲ್ಲಿ ಬಂದರು. ಹಾಳೆ ನೋಡಿ ನಿಂತರು. ನನಗೆ ಜೀವ ಬಂದಂತಾಯಿತು. ಅವರು ಸೀರೆ ಎತ್ತಲು ಹೇಳಿದರು. ವರಾಂಡದಲ್ಲಿಯೇ. ವಿದ್ಯಾರ್ಥಿಗಳು ಬಗ್ಗಿ ನೋಡಿದರು. ಒಬ್ಬಳು ಹುಡುಗಿ ಮುಖ ತಿರುಗಿಸಿದಳು, ಒಬ್ಬ ಏನನ್ನೋ ಬರೆದುಕೊಂಡ. ಡಾಕ್ಟರು ಇಂಗ್ಲಿಷಿನಲ್ಲಿ ಮೂರು ನಾಲ್ಕು ಮಾತು ಹೇಳಿದರು.

ರಮಾಬಾಯಿ ಕಣ್ಣು ತೆರೆದಳು. "ನೋಡಿದ್ರೇನ್ರೀ ಡಾಕ್ಟರ್? ಸರ್ಕಸ್ ಮುಗೀತು. ಈಗ ಜರಾ ಮ್ಯಾಲ ಬರ್ರಿ. ಬ್ಯಾನಿ ಹೊಟ್ಯಾಗ ಅದ."

ಅವರು ಗಡಿಯಾರ ನೋಡಿಕೊಂಡು, ವಾರ್ಡಿಗೆ ಹೋದ ಮೇಲೆ ನೋಡುತ್ತೇನೆ ಎಂದು ನಡೆದರು. ಹೊಟ್ಟೆಯ ಮೇಲೆ ಯಾರೂ ಕೈಯಿಡಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಅವಳ ಅಂಗೈ ತಣ್ಣಗಾಗಿತ್ತು. ಹಣೆಯಲ್ಲಿ ಬೆವರು. ನನ್ನ ಮುಂಗೈ ಹಿಡಿದು ಹತ್ತಿರ ಎಳೆದಳು.

"ಮಿತ್ರಾ. ಅದನ್ನ ತಿದ್ದಿಸ್ಕೊಂಡು ಬಾ."

"ಏನಂತ ಅಕ್ಕಾ?"

"ಗಂ ಅಂತ ಬರಸು. ಗಂಡಸಾಗೇ ಮಲಗ್ತೀನಿ. ಸೀರಿ ಬಿಚ್ತೀನಿ, ಯಾವಂದರ ಲುಂಗಿ ಇಸ್ಕೊಂಡು ಬಾ."

ಮೂವತ್ತು ವರ್ಷ ಯಾವ ಪೊಲೀಸನ ಲಾಠಿಗೂ ಆಡದ ಮಾತು ಅದು. ನಾನು ಓಡಿದೆ. ತಾರಿಖ್ ಕುರ್ಚಿಯಿಂದ ಎದ್ದೇ ನಿಂತ.

"ಅಕ್ಕಾ, ನನ್ನ ಕೈಯಾಗಿಲ್ಲ. ಒಮ್ಮಿ ಒತ್ತಿದ್ದು ತಿದ್ದಬೇಕಂದ್ರ ರೆಕಾರ್ಡ್ ಸಾಹೇಬ್ರ ಪಾಸ್‌ವರ್ಡ್ ಬೇಕು. ಊಟಕ್ಕ ಹೋಗ್ಯಾರ. ಫೋನ್ ಎತ್ತವಲ್ಲರು."

ಸಾಹೇಬರಿಗೆ ಹತ್ತು ಸಲ ಫೋನು ಮಾಡಿದೆವು. ಪೆನ್ನಿನಿಂದಲೇ ತಿದ್ದೋಣವೆಂದು ನಾನು ಹಾಳೆ ಹಿಡಿದು ವಾಪಸು ಓಡಿದೆ. ಎರಡು ಗಂಟೆ ನಲವತ್ತು ನಿಮಿಷ. ಗೋಡೆಯ ಗಡಿಯಾರ ಅವಳ ತಲೆಯ ಮೇಲೇ ಇತ್ತು. ಅವಳು ಸೆರಗನ್ನು ಅರ್ಧ ತೆಗೆದಿದ್ದಳು. ಲುಂಗಿ ತರುತ್ತೇನೆಂದು ನಂಬಿ ತಾನೇ ಬಿಚ್ಚಲು ಹೊರಟಿರಬೇಕು. ಕೈ ನೆರಿಗೆಯಲ್ಲಿ ಸಿಕ್ಕಿಕೊಂಡು ನಿಂತಿತ್ತು.

ಅದಾದ ಮೇಲೆ ಒಂದು ಕೆಲಸ ಬಹಳ ಬೇಗ ಆಯಿತು. ಶವಾಗಾರಕ್ಕೆ ಗಂ, ಹೆ ಇಲ್ಲ. ಹತ್ತು ನಿಮಿಷದಲ್ಲಿ ಅವಳಿಗೆ ಅಲ್ಲಿ ಜಾಗ ಸಿಕ್ಕಿತು.

ಮರುದಿನ ಕಮಲಾಪುರದಿಂದ ಅವಳ ತಮ್ಮ ದೇವೀಂದ್ರಪ್ಪ ಬಂದು ಹೆಣ ಒಯ್ದ. ನಮ್ಮ ಯಾರನ್ನೂ ಹತ್ತಿರ ಬಿಡಲಿಲ್ಲ. ಆದರೆ ರಮಾಬಾಯಿ ಆಸ್ಪತ್ರೆಯಿಂದ ಹೋಗಲಿಲ್ಲ. ದಿನಾ ಬೆಳಗ್ಗೆ ತಾರಿಖ್ ಕಂಪ್ಯೂಟರ್ ಹಚ್ಚಿದಾಗ, ಹಾಸಿಗೆಗೆ ಕಾಯುತ್ತಿರುವವರ ಪಟ್ಟಿ ಮೊದಲು ತೆರೆದುಕೊಳ್ಳುತ್ತದೆ. ಅದರ ಮೇಲ್ತುದಿಯಲ್ಲಿ ಅವಳ ಹೆಸರು. ರಮಾಬಾಯಿ, ನಲವತ್ತೆಂಟು, ಇತರೆ. ವಾರ್ಡಿಲ್ಲದವರನ್ನು ವಾರ್ಡಿನಿಂದ ಬಿಡುಗಡೆ ಮಾಡಲು ಆ ಯಂತ್ರಕ್ಕೆ ಬರುವುದಿಲ್ಲ. ಕಾಯುತ್ತಿರುವ ಅವಧಿ ಎಂಬಲ್ಲಿ ದಿನಕ್ಕೊಂದು ಅಂಕಿ ಏರುತ್ತದೆ. ಹನ್ನೊಂದನೆಯ ದಿನದಿಂದ ತಾರಿಖ್ ಪರದೆಯನ್ನು ಆ ಕಡೆ ತಿರುಗಿಸಿ ಹಚ್ಚತೊಡಗಿದ. ನನಗೆ ನೋಡದಿದ್ದರೂ ಗೊತ್ತಾಗುತ್ತಿತ್ತು. ಕ್ಯೂನಲ್ಲಿ ಯಾರಾದರೂ ಹೊಟ್ಟೆನೋವು ಎಂದರೆ ಸಾಕು, ನನ್ನ ಪೆನ್ನು ಮೂರನೆಯ ಖಾನೆಯ ಮೇಲೆ ಹೋಗಿ ನಿಲ್ಲುತ್ತಿತ್ತು, ಮತ್ತು ಕಂಬದ ಬಳಿ ಪೌಡರಿನ ವಾಸನೆ ಬರುತ್ತಿತ್ತು.

ರವಿವಾರ ನಾನು ಕಮಲಾಪುರದ ಬಸ್ಸು ಹತ್ತಿದೆ. ದೇವೀಂದ್ರಪ್ಪ ಏನು ಬರೆದುಕೊಟ್ಟ ಎಂದು ಅವನ ಬಾಯಿಂದಲೇ ಕೇಳಬೇಕಿತ್ತು. ನಿಜ ಹೇಳಬೇಕೆಂದರೆ, ಅವನೂ ಸುಳ್ಳು ಬರೆದಿದ್ದರೆ ನಾನು ಬರೆಯುವುದು ಅಷ್ಟು ದೊಡ್ಡ ಪಾಪವಲ್ಲ ಎಂಬ ಆಸೆಯೂ ಇತ್ತು.

ಅವನು ಮನೆಯ ಮುಂದೆ ಕೆಂಪು ಬಾಳೆಯ ಗೊನೆಗಳನ್ನು ಟಂಟಂ ಗಾಡಿಗೆ ಹೇರುತ್ತಿದ್ದ. ಯಾರದೋ ತೋಟದ ಮಾಲು, ಅವನು ಹೇರುವ ಆಳು. ನನ್ನನ್ನು ನೋಡಿದವನೇ ಓಣಿಯ ಎರಡೂ ತುದಿ ನೋಡಿದ.

"ಇಲ್ಲಿಗಿ ಯಾಕ ಬಂದಿ? ಮಂದಿ ನೋಡ್ತಾರ. ಮಗಳ ಲಗ್ನಾ ಗೊತ್ತು ಮಾಡೀನಿ."

"ಸತ್ತೇ ತಂದ್ರು ಅಂತ ಯಾಕ ಬರ್ದು ಕೊಟ್ಟಿ ಅಣ್ಣಾ? ನೀ ಬಂದಿದ್ದೇ ಮರುದಿನ."

"ಬರೀಲಿಲ್ಲಂದ್ರ ಕೇಸ್ ಆಗ್ತದ, ಪೊಲೀಸರು ಬರ್ತಾರ, ಕೊಯ್ದು ನಾಕ್ ದಿನಾ ಇಟ್ಕೋತಾರ ಅಂದ್ರು. ಬರ್ದ್ರ ಈಗೇ ಒಯ್ಯಿ ಅಂದ್ರು. ನಾ ಓದಿಲ್ಲ ತಂಗಿ. ಹೆಬ್ಬಟ್ಟು ಒತ್ತಿ ಒಯ್ದೆ." ಅವನು ಗೊನೆಯೊಂದನ್ನು ಎತ್ತಿ ಮತ್ತೆ ಇಳಿಸಿದ. "ನಮ್ಮಣ್ಣ ರಾಮಣ್ಣ ಆಗಿ ಹುಟ್ಟಿದಾ. ರಾಮಣ್ಣ ಆಗೇ ಮಣ್ಣು ಮಾಡೀನಿ. ಕೂದ್ಲಾ ಕತ್ತರಸ್ದೆ, ಅಂಗಿ ಧೋತ್ರಾ ಹಾಕ್ದೆ, ತಲಿಗಿ ಟೊಪಗಿ ಇಟ್ಟೆ. ಕುಲದಾಗ ಯಾರೂ ಒಂದ್ ಮಾತು ಅಂದಿಲ್ಲ. ಅವ್ವ ಒಬ್ಬಾಕಿ..."

ಒಳಗಿನಿಂದ ಮುದುಕಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಂಡೆಮ್ಮ. ಇವಳನ್ನು ನಾನು ಬಲ್ಲೆ. ಮಗ ಮನೆಗೆ ಸೇರಿಸುವುದಿಲ್ಲವೆಂದು ರಮಾಬಾಯಿ ಪ್ರತಿ ಸಂತೆಗೆ ಕಮಲಾಪುರದ ಬಸ್ ನಿಲ್ದಾಣಕ್ಕೆ ಬಂದು ತಾಯಿಯನ್ನು ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಬಿಪಿ ಗುಳಿಗೆ ಕೊಟ್ಟು ಹೋಗುತ್ತಿದ್ದಳು. ನಾನೂ ಎರಡು ಸಲ ಜೊತೆಗೆ ಬಂದಿದ್ದೆ. ಮೂವತ್ತು ವರ್ಷ ಆ ತಾಯಿ ನೋಡಿದ್ದು ಸೀರೆ, ಜಡೆ, ಕುಂಕುಮದ ಮಗಳನ್ನೇ.

ಅವಳು ನನ್ನ ಕಾರ್ಡಿನ ದಾರ ಹಿಡಿದು ಎಳೆದು ಮುಖ ನೋಡಿದಳು.

"ನೀ ದವಾಖಾನ್ಯಾಗ ಇರ್ತೀಯಲ್ಲಾ. ನಮ್ಮಾಕಿ ಹ್ಯಾಂಗ ಅದಾಳ?"

ನಾನು ದೇವೀಂದ್ರಪ್ಪನನ್ನು ನೋಡಿದೆ. ಅವನು ನೆಲ ನೋಡಿದ.

"ಅವ್ವಾ, ರಮಕ್ಕ ಸತ್ತಾಳ. ಇಲ್ಲೇ ಮಣ್ಣು ಮಾಡ್ಯಾರಲ್ಲ."

"ಹುಚ್ಚಿ. ಅವ ಯಾವನೋ ಗಂಡಸು." ಬಂಡೆಮ್ಮ ಅಸಡ್ಡೆಯಿಂದ ಕೈ ಬೀಸಿದಳು. "ನಾ ಮುಖಾ ನೋಡೀನಿ. ಬೋಳ್ ತಲಿ, ಮ್ಯಾಲ ಟೊಪಗಿ. ದವಾಖಾನ್ಯಾಗ ಹೆಣಾ ಅದಲು ಬದಲು ಮಾಡಿ ಕೊಟ್ಟಾರ. ಈ ಭಾಡ್ಯಾ ನೋಡಲಾರದ ಹೊತ್ಕೊಂಡು ಬಂದಾನ. ಪಾಪ, ಯಾವ ತಾಯಿ ಮಗನೋ ಏನೋ. ನಾ ಅವಗ ಅಳಲಿಲ್ಲ. ಅವನ ಅವ್ವ ಅಳಬೇಕು."

ದೇವೀಂದ್ರಪ್ಪ ಗೋಣಿಚೀಲದಿಂದ ಮುಖ ಒರೆಸಿಕೊಂಡ. "ಹದಿನೈದ್ ದಿನಾ ಆಯ್ತು. ಹಿಂಗೇ ಅಂತಾಳ. ದಿನಕ್ಕ ಒಂದ್ ರೊಟ್ಟಿ ತಗದು ಇಡ್ತಾಳ."

"ಹೊಟ್ಟಿ ಬ್ಯಾನಿ ಅಂತ ಹೋಗ್ಯಾಳ ಅಂದ್ರು," ಬಂಡೆಮ್ಮ ನನಗೆ ಇನ್ನಷ್ಟು ಹತ್ತಿರ ಬಂದಳು. "ಮಲಗಾಕ ಜಾಗಾ ಸಿಕ್ತಾ?"

ಸಿಕ್ಕಿತು ಎನ್ನಬಹುದಿತ್ತು. ನನ್ನ ಕಣ್ಣ ಮುಂದೆ ಪರದೆ ಬಂತು.

"ಇನ್ನಾ ಇಲ್ಲ ಅವ್ವಾ," ಎಂದೆ.

"ಮತ್ತ ನೀ ಇಲ್ಲಿ ಯಾಕ ಬಂದಿ? ಆಕಿ ಬಲ್ಯಾಕ ಯಾರದಾರ?" ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಡಿ, ನಾ ಬರ್ತೀನಿ. ನನ್ನ ಕಣ್ಣೀಲೇ ನೋಡಲಾರದ ನಾ ಯಾರ ಮಾತೂ ಕೇಳಂಗಿಲ್ಲ."

ದೇವೀಂದ್ರಪ್ಪ ಬೇಡವೆನ್ನಲಿಲ್ಲ. ನಾನು ಅವಳನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದು, ಆ ರಾತ್ರಿ ನನ್ನ ಖೋಲಿಯಲ್ಲಿ ಮಲಗಿಸಿದೆ.

ಸೋಮವಾರ ವಿಚಾರಣೆಯವರು ಹತ್ತು ಗಂಟೆಗೆ ಬಂದರು. ಇಬ್ಬರು ಗಂಡಸರು, ಫೈಲು ಹಿಡಿದ ಒಬ್ಬ ಮೇಡಂ. ಅಮರನಾಥ ಸಾಹೇಬರು ಎರಡು ವಾರ್ಡುಗಳ ನಡುವಿನ ವರಾಂಡದಲ್ಲಿ ನಿಂತು ಕೈ ತೋರಿಸುತ್ತಿದ್ದರು. ಗೋಡೆಗೆ ಹೊಸ ಬಣ್ಣ ಬಿದ್ದಿತ್ತು, ಟ್ರಾಲಿಗಳನ್ನೆಲ್ಲ ಎಲ್ಲೋ ಅಡಗಿಸಿದ್ದರು.

"ಇಲ್ಲಿ ಪೇಷಂಟ್ ನಿಲ್ಲೋ ಪದ್ಧತೀನೇ ಇಲ್ಲ ಮೇಡಂ. ಬಂದ್ರು, ಒಳಗ ಹೋದ್ರು."

ನಾನು ಬಂಡೆಮ್ಮನ ಕೈ ಹಿಡಿದುಕೊಂಡು ಬಂದದ್ದನ್ನು ನೀಲಕಂಠ ಮೊದಲು ನೋಡಿದ. ಹಲ್ಲು ಕಚ್ಚಿ ಹತ್ತಿರ ಬಂದ. "ಯಾರಲೇ ಈ ಮುದುಕಿ? ಕಾಗದಾ ಎಲ್ಲ್ಯದ?"

ಜೇಬಿನಿಂದ ತೆಗೆದು ಕೊಟ್ಟೆ. ಅವನು ಬಿಡಿಸಿ ನೋಡಿದ. ಸಹಿಯ ಜಾಗ ಖಾಲಿ ಇತ್ತು.

"ಸಂಘಮಿತ್ರಾ ಅಂದರೆ ನೀವೇನಾ?" ಮೇಡಂ ಕೇಳಿದರು. "ಅವರನ್ನು ಕರೆತರುವಾಗ ಜೀವ ಇರಲಿಲ್ಲ ಅಂತ ನಿಮ್ಮ ಹೇಳಿಕೆ ಇದೆಯಂತೆ."

"ಇಲ್ರೀ. ಹತ್ತು ಐವತ್ತಕ್ಕ ನಡಕೋಂತ ಬಂದಳು. ಎರಡು ನಲವತ್ತಕ್ಕ ಇಲ್ಲೇ, ನೀವು ನಿಂತಲ್ಲಿ ಸತ್ತಳು. ನಡುವ ಆರು ಸಲ ನಾನೇ ಅಲ್ಲಿಂದಿಲ್ಲಿಗಿ ತಳ್ಳೀನಿ. ಚೀಟಿ ಬರ್ದದ್ದೂ ನಾನೇ. ಖಾನಿ ಖರೇ ಹಾಕ್ದೆ, ಅದೊಂದೇ ನನ್ನ ತಪ್ಪು. ಬರಕೋರಿ."

ಮೇಡಂ ತಮಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು.

"ತಲಿ ಸರಿ ಇಲ್ಲ ಮೇಡಂ ಇವಕ್ಕ," ಅಮರನಾಥರು ನಗಲು ನೋಡಿದರು. "ಹಾರ್ಮೋನ್ ಗುಳಗಿ ನುಂಗ್ತಾವ, ಏನೇನೋ ಮಾತಾಡ್ತಾವ."

ಅಷ್ಟರಲ್ಲಿ ಬಂಡೆಮ್ಮ ನನ್ನ ಕೈ ಬಿಡಿಸಿಕೊಂಡು ಹೆಂಗಸರ ವಾರ್ಡಿನೊಳಗೆ ಹೋಗಿದ್ದಳು. ಒಂದೊಂದೇ ಮಂಚದ ಬಳಿ ನಿಂತು, ಬಗ್ಗಿ, ಹೊದಿಕೆ ಸರಿಸಿ ಮುಖ ನೋಡುತ್ತಿದ್ದಳು. "ರಮಾ. ಏ ರಮಾ." ಮಲಗಿದ್ದ ಹೆಂಗಸರು ಎದ್ದು ಕೂತರು. ಯಾರೂ ಜಗಳ ಮಾಡಲಿಲ್ಲ. ಸಿಸ್ಟರ್ ವಿದ್ಯಾವತಿ ಸೂಜಿ ಹಿಡಿದಿದ್ದ ಕೈಯನ್ನು ಹಾಗೆಯೇ ಮೇಲೆ ಹಿಡಿದು ನಿಂತುಬಿಟ್ಟರು. ಮುದುಕಿ ಹೊರಗೆ ಬಂದು, ವಿಚಾರಣೆಯವರ ನಡುವೆ ಹಾದು, ಗಂಡಸರ ವಾರ್ಡಿಗೆ ಹೋದಳು. ಅಲ್ಲಿಯೂ ನೋಡಿದಳು. ವಿಶ್ವಾಸ ಬಾಗಿಲಿನಿಂದ ಕಾಲು ತೆಗೆದ.

"ಯಾರು ಬೇಕಮ್ಮಾ?" ಮೇಡಂ ಕೇಳಿದರು.

"ನನ್ನ ಮಗಳು. ಹೊಟ್ಟಿ ಬ್ಯಾನಿ ಅಂತ ಬಂದಾಳ. ನೀವು ಒಳಗ ಹಾಕ್ಕೊಂಡಿಲ್ಲಂತಲ್ಲ, ಎಲ್ಲಿ ಕುಂದ್ರಿಸೀರಿ?"

ನೀಲಕಂಠ ನನ್ನ ತೋಳು ಹಿಡಿದ. "ಹೊರಗ ಹಾಕ್ಲೇ ಮುದುಕೀನ. ನಿನ್ನ ಹಾಜರಿ ಇವತ್ತಿಗಿ ಬಂದ್. ಕಾರ್ಡ್ ಬಿಚ್ಚಿ ಕೊಡು."

ಕಾರ್ಡು ಬಿಚ್ಚಿ ಅವನ ಕೈಗೆ ಕೊಟ್ಟೆ. ಬಂಡೆಮ್ಮ ಆಗಲೇ ವರಾಂಡದ ಉದ್ದಕ್ಕೂ ನಡೆಯುತ್ತಿದ್ದಳು. ಆ ಸಾಲಿನಲ್ಲಿ ಇನ್ನೂ ಬಹಳ ಬಾಗಿಲುಗಳಿವೆ. ಡ್ರೆಸ್ಸಿಂಗ್ ಖೋಲಿ, ಎಕ್ಸ್‌ರೇ, ಬಟ್ಟೆ ಇಡುವ ಖೋಲಿ, ಸಾಹೇಬರ ಖೋಲಿ, ಸಾಹೇಬರ ಪಾಯಿಖಾನೆ. ಯಾವುದು ಎಳೆದರೆ ತೆರೆಯುತ್ತದೆ, ಯಾವುದನ್ನು ಭುಜ ಕೊಟ್ಟು ತಳ್ಳಬೇಕು ಎಂಬುದು ಚೀಟಿ ಬರೆಯಲು ಕೂರುವ ಮೊದಲು ಇಲ್ಲೇ ಕಸ ಹೊಡೆದ ನನಗೆ ಗೊತ್ತು. ನಾನು ಅವಳಿಗಿಂತ ಮುಂದೆ ಹೋಗಿ ಮೊದಲನೆಯದನ್ನು ತೆಗೆದೆ. ಅವಳು ತಲೆ ಒಳಹಾಕಿ ಕರೆದಳು. ಕೇಳಿಸಿಕೊಂಡಳು.

"ಇಲ್ಲಿ ಇಲ್ಲ," ಎಂದಳು. "ಮುಂದಿಂದು ತಗಿ."

ನಾನು ತೆಗೆದೆ.